ಆ ಕುರ್ಚಿಯಲ್ಲಿ ಕೇಳದ ಗುಮ್ಕಿ

ಕತಾರಿನ ಅಬು ಹಮೂರಿನ ಆ ವಿಲ್ಲಾದಲ್ಲಿ ನಾನು ಒಟ್ಟು ಐದು ದಿನ ಕೆಲಸ ಮಾಡಿದೆ. ನವೆಂಬರ್‌ನಲ್ಲಿ ಮೂರು ದಿನ, ಮೇ ತಿಂಗಳಲ್ಲಿ ಎರಡು ಶುಕ್ರವಾರ. ಮೊದಲ ಮೂರು ದಿನಗಳ ಕೆಲಸಕ್ಕೆ ನನಗೆ ಬಡ್ತಿ ಸಿಕ್ಕಿತು, ಕೊನೆಯ ಎರಡು ದಿನಗಳಿಗೆ ಶಾಭಾಸ್‌ಗಿರಿ. ಎರಡೂ ನನಗೆ ಸಲ್ಲಬೇಕಾದದ್ದಲ್ಲ. ನಡುವಿನ ಆರು ತಿಂಗಳಲ್ಲಿ, ಮೃದಂಗ ಕಲಿಸುತ್ತಿದ್ದ ಆ ಮನೆಯ ಹೆಂಗಸು ತನ್ನ ಕಿವಿ ಹೋಯಿತೆಂದು ನಂಬಿ ಪಾಠ ನಿಲ್ಲಿಸಿದರು. ಅವರ ಕಿವಿಗೆ ಏನೂ ಆಗಿರಲಿಲ್ಲ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಮನೆಯ ಯಜಮಾನರು ಮೈಸೂರಿನವರು, ದೋಹಾದ ಒಂದು ಕಚೇರಿಯಲ್ಲಿ ಮೇಲಿನ ಹುದ್ದೆ. ಕೆಳಗಿನ ಹಾಲನ್ನು ಸಂಗೀತ ಕೇಳುವ ಕೋಣೆಯಾಗಿ ಮಾಡಿಕೊಂಡಿದ್ದರು. ಇಪ್ಪತ್ತಡಿ ಉದ್ದ, ಹದಿನಾಲ್ಕಡಿ ಅಗಲ, ಗಟ್ಟಿ ಕಾಂಕ್ರೀಟ್ ಗೋಡೆ, ಮಾರ್ಬಲ್ ನೆಲದ ಮೇಲೆ ದಪ್ಪ ಕಾರ್ಪೆಟ್. ಮುಂದಿನ ಗೋಡೆಯ ಬಳಿ ಎತ್ತರದ ಎರಡು ಸ್ಪೀಕರ್, ಮೂಲೆಯಲ್ಲಿ, ಸ್ಪೀಕರ್ ಮಾರಿ ಜೋಡಿಸಿಕೊಡುವ ನಮ್ಮ ಕಂಪೆನಿಯಿಂದ ಹೋದ ಹದಿನೈದು ಇಂಚಿನ ಒಂದು ಸಬ್‌ವೂಫರ್. ತಗ್ಗು ಸ್ವರಗಳಿಗೆಂದೇ ಇರುವ ಈ ಪೆಟ್ಟಿಗೆಯನ್ನು ನಮ್ಮೂರಿನ ಮೈಕ್ ಸೆಟ್‌ನವರು ಬೇಸ್ ಬಾಕ್ಸ್ ಅನ್ನುತ್ತಾರೆ. ಯಜಮಾನರ ಕುರ್ಚಿ ಹಿಂದಿನ ಗೋಡೆಯಿಂದ ಏಳೂವರೆ ಅಡಿ ಮುಂದೆ, ಸರಿಯಾಗಿ ನಡುವಿನಲ್ಲಿ. ಇಂಟರ್ನೆಟ್ಟಿನಲ್ಲಿ ಓದಿ, ಟೇಪು ಹಿಡಿದು, ಆ ಜಾಗವನ್ನು ಅವರೇ ಗುರುತು ಮಾಡಿದ್ದರು. ಅದಕ್ಕಿಂತ ಹಿಂದೆ, ಎಡಗಡೆ, ಅಡುಗೆಮನೆಯ ಬಾಗಿಲಿನ ಪಕ್ಕ, ಗೋಡೆಯಿಂದ ಐದಡಿ ದೂರದಲ್ಲಿ ಇನ್ನೊಂದು ಕುರ್ಚಿಯಿತ್ತು. ಅದು ಅವರ ಹೆಂಡತಿಯದು.

ಅವರನ್ನು ನಾನು ಮೇಡಂ ಎಂದು ಕರೆಯುತ್ತಿದ್ದೆ. ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಜನರ ಏಳೆಂಟು ಮಕ್ಕಳು ಅವರ ಬಳಿ ಮೃದಂಗ ಕಲಿಯಲು ಬರುತ್ತಿದ್ದರು. ಮೊದಲು ಪಾಠ ಮಹಡಿಯ ಮೇಲೆ ನಡೆಯುತ್ತಿತ್ತಂತೆ. ಪಕ್ಕದ ವಿಲ್ಲಾದವರಿಗೆ ಸದ್ದಾಗುತ್ತದೆಂದು ಆ ವರ್ಷ ಕೆಳಗಿನ ಹಾಲಿಗೆ ಇಳಿಸಿದ್ದರು. ಮಂಡಿನೋವಿನಿಂದ ಅವರಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಅವರು ತಮ್ಮ ಕುರ್ಚಿಯಲ್ಲಿ ಕೂತು, ಮುಂದಿನ ಗೋಡೆಯ ಹತ್ತಿರ ಚಾಪೆಯಲ್ಲಿ ಕೂತ ಮಕ್ಕಳಿಗೆ ಅಲ್ಲಿಂದಲೇ ಹೇಳಿಕೊಡುತ್ತಿದ್ದರು.

ಯಜಮಾನರಿಗೆ ಒಂದು ಸಬ್ ಸಾಲದೆ ಬಂದಿತ್ತು. ನಮ್ಮ ಮ್ಯಾನೇಜರ್ ಅಂಥದ್ದೇ ಇನ್ನೊಂದನ್ನು ಮಾರಿ, ಜೋಡಿಸಲು ನನ್ನನ್ನು ಕಳಿಸಿದರು. ಮ್ಯಾನೇಜರ್ ಕಾಸರಗೋಡಿನವರು. ಹೊರಡುವಾಗ ಒಂದು ಮಾತು ಹೇಳಿದ್ದರು.

"ಈ ಸೈಟು ನೀನೊಬ್ಬನೇ ಮುಗಿಸು. ಗ್ರಾಫು, ರಿಪೋರ್ಟು, ಸೈನು ಎಲ್ಲ ನಿನ್ನ ಹೆಸರಲ್ಲೇ ಬರ್ಲಿ. ಮತ್ತೆ ನಿನ್ನನ್ನು ಡಿಸೈನರ್ ಮಾಡ್ಲಿಕ್ಕೆ ನಾನು ಆಫೀಸಿನವರತ್ರ ಮಾತಾಡ್ತೇನೆ."

ಇದರ ಬೆಲೆ ಗಲ್ಫಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಐಡಿ ಕಾರ್ಡಿನಲ್ಲಿ ಉದ್ಯೋಗದ ಜಾಗದಲ್ಲಿ ಕೇಬಲ್ ಫಿಟ್ಟರ್ ಎಂದಿತ್ತು. ಆ ಹೆಸರಿನಲ್ಲಿ ಹೆಂಡತಿ ಮಗಳನ್ನು ಕರೆಸಿಕೊಳ್ಳುವುದು ಆಗದ ಮಾತು. ಮಗಳು ಹುಟ್ಟಿದ ಮೇಲೆ ವರ್ಷಕ್ಕೆ ನಲವತ್ತು ದಿನದ ಲೆಕ್ಕದಲ್ಲಿ ಅವಳ ಜೊತೆ ಇದ್ದವನು ನಾನು. ಆಗ ಅವಳಿಗೆ ಹನ್ನೊಂದು.

ಮೊದಲ ದಿನವೇ ತಪ್ಪು ಮಾಡಿದೆ, ಅದೂ ನಮ್ಮವರು ಮಾತ್ರ ಮಾಡುವಂಥ ತಪ್ಪು. ಊರಿನಲ್ಲಿ ಬಯಲಾಟಕ್ಕೆ, ಭಜನೆಗೆ, ಮದುವೆಗೆ ಮೈಕ್ ಕಟ್ಟಿ ಬೆಳೆದ ಕೈ ನನ್ನದು. ಬಯಲಿನಲ್ಲಿ ಬೇಸ್ ಬಾಕ್ಸುಗಳನ್ನು ಎಂದೂ ಬೇರೆ ಬೇರೆ ಇಡುವುದಿಲ್ಲ. ಒಂದರ ಮೇಲೊಂದು, ಒಂದರ ಪಕ್ಕ ಒಂದು, ಒತ್ತಿ ಇಟ್ಟರೆ ಬಲ ಕೂಡುತ್ತದೆ. ಆ ಬುದ್ಧಿಯಲ್ಲೇ ಎರಡನೆಯ ಸಬ್ಬನ್ನೂ ಅದೇ ಮೂಲೆಗೆ ತಳ್ಳಿ, ಮೊದಲನೆಯದರ ಮೇಲೇರಿಸಿ ಬೆಲ್ಟು ಕಟ್ಟಿದೆ. ಯಜಮಾನರು ನೋಡಿ ಖುಷಿಪಟ್ಟರು. ಆಳೆತ್ತರದ ಕರಿಕಪಾಟಿನಂತೆ ಕಾಣುತ್ತಿತ್ತು.

ಬಯಲಿಗೆ ಗೋಡೆಯಿಲ್ಲ, ಕೋಣೆಗೆ ಇದೆ. ನೀರು ತುಂಬಿದ ಬಾನಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಅಂಚಿನಲ್ಲಿ ನೀರು ಏರಿಳಿಯುತ್ತದೆ, ನಡುವೆ ಒಂದು ಕಡೆ ಮಟ್ಟ ಕದಲುವುದೇ ಇಲ್ಲ. ತಗ್ಗು ಸ್ವರ ಮುಚ್ಚಿದ ಕೋಣೆಯಲ್ಲಿ ಹೀಗೇ ನಡೆದುಕೊಳ್ಳುತ್ತದೆ. ಒಂದೊಂದು ಸ್ವರಕ್ಕೆ ಒಂದೊಂದು ಕಡೆ ಉಬ್ಬು, ಒಂದೊಂದು ಕಡೆ ಗುಂಡಿ. ಎರಡು ಸಬ್ಬನ್ನು ಒಂದೇ ಮೂಲೆಯಲ್ಲಿ ಇಟ್ಟರೆ ಬಾನಿಯನ್ನು ಒಂದೇ ಕಡೆಯಿಂದ ಎರಡು ಪಟ್ಟು ಜೋರಾಗಿ ಅಲ್ಲಾಡಿಸಿದ ಹಾಗೆ. ಉಬ್ಬು ಇನ್ನೂ ಉಬ್ಬುತ್ತದೆ, ಗುಂಡಿ ಗುಂಡಿಯಾಗಿಯೇ ಇರುತ್ತದೆ. ಇದು ನನಗೆ ತಿಳಿಯದ ವಿಷಯವಲ್ಲ, ಕಂಪೆನಿಯ ತರಬೇತಿಯಲ್ಲಿ ಕಲಿತಿದ್ದೆ. ಆದರೆ ಕೈ ಕಲಿತದ್ದು ತಲೆ ಕಲಿತದ್ದಕ್ಕಿಂತ ಮುಂಚೆ ಓಡುತ್ತದೆ.

ಎರಡನೆಯ ದಿನ ಅಳತೆಯ ಮೈಕನ್ನು ಯಜಮಾನರ ಕುರ್ಚಿಯಲ್ಲಿ, ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪಿನಿಂದ ಸ್ವರ ಬಿಟ್ಟೆ. ಇಪ್ಪತ್ತು ಹರ್ಟ್ಸಿನಿಂದ ಇನ್ನೂರರವರೆಗೆ ಮೆಲ್ಲಗೆ ಏರುವ ಒಂದೇ ಊಳು. ಪರದೆಯ ಮೇಲೆ ಗೆರೆ ಬಂತು. ಇಪ್ಪತ್ತೆಂಟರಲ್ಲಿ ಗುಡ್ಡ, ಐವತ್ತಾರರಲ್ಲಿ ಇನ್ನೊಂದು. ಗುಡ್ಡ ಬಂದರೆ, ಒಂದೊಂದು ಸ್ವರದ ಮಟ್ಟ ಏರಿಳಿಸುವ ಈಕ್ವಲೈಸರಿನಲ್ಲಿ ಕಡಿಯಬಹುದು. ಕೂತು ಒಂದೊಂದನ್ನೇ ಕಡಿಯುತ್ತ ಹೋದೆ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಜಮಾನರ ಕುರ್ಚಿಯಲ್ಲಿ ಗೆರೆ ಹಾಸುಗಲ್ಲಿನ ಹಾಗೆ ಸಮವಾಯಿತು. ಅವರು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರು.

ಮೈಕ್ ಬಿಚ್ಚುವ ಮುಂಚೆ, ಅಭ್ಯಾಸಬಲದಿಂದ, ಅದನ್ನು ಮೇಡಂ ಕುರ್ಚಿಗೂ ಒಯ್ದು ಒಂದು ಸಲ ಅಳೆದೆ. ಐವತ್ತಾರು ಹರ್ಟ್ಸಿನಲ್ಲಿ ಗೆರೆ ಬಾವಿಗೆ ಬಿದ್ದಂತೆ ಇಳಿದಿತ್ತು. ಸುತ್ತಲಿನ ಮಟ್ಟಕ್ಕಿಂತ ಹದಿನೆಂಟು ಡೆಸಿಬಲ್ ಕೆಳಗೆ. ಅಂದರೆ ಆ ಸ್ವರ ಆ ಕುರ್ಚಿಯಲ್ಲಿ ಇಲ್ಲವೆಂದೇ ಲೆಕ್ಕ. ಇಪ್ಪತ್ತಡಿ ಕೋಣೆಯ ಕಾಲು ಭಾಗ ಐದಡಿ. ಆ ಸ್ವರದ ಗುಂಡಿ ಬೀಳುವುದು ಸರಿಯಾಗಿ ಅಲ್ಲೇ. ಗುಡ್ಡವನ್ನು ಕಡಿಯಬಹುದು, ಗುಂಡಿಯನ್ನು ಈಕ್ವಲೈಸರ್ ತುಂಬಿಸುವುದಿಲ್ಲ. ಎಷ್ಟು ಸುರಿದರೂ ಅಲ್ಲಿ ನಿಲ್ಲುವುದಿಲ್ಲ.

ಹೊರಗೆ ಕಾರಿನ ಹತ್ತಿರ ನಿಂತು ಮ್ಯಾನೇಜರಿಗೆ ಫೋನು ಮಾಡಿದೆ. ಎರಡೂ ಸಬ್ಬನ್ನು ಬೇರೆ ಮಾಡಬೇಕು, ಇನ್ನೆರಡು ಚಿಕ್ಕವು ಬೇಕಾಗಬಹುದು, ಗೋಡೆಗುಂಟ ಕೇಬಲ್ ಎಳೆಯಬೇಕು, ಮತ್ತೆ ಎರಡು ದಿನ ಬೇಕು ಎಂದೆ.

"ಸಾಹೇಬ್ರ ಸೀಟಲ್ಲಿ ಸರಿ ಉಂಟಾ?"

"ಅಲ್ಲಿ ಸರಿ ಉಂಟು."

"ಸೈನ್ ಹಾಕುದು ಯಾರು?"

"ಸಾಹೇಬ್ರೇ."

"ಮತ್ತೆಂತ ನಿಂಗೆ? ಖಲಾಸ್. ಆ ಸೀಟಿನ ಗ್ರಾಫು ಒಂದು ಪ್ರಿಂಟ್ ಮಾಡು, ಸೈನ್ ತಗೊಂಡು ಬಾ. ಎರಡು ಸಬ್ ಕೊಟ್ಟು ಈಗ ನಾಲ್ಕು ಬೇಕು ಅಂತ ಹೇಳಿದ್ರೆ ನಮ್ಮ ಮರ್ಯಾದೆ ಎಂತ ಆಗ್ತದೆ?"

ಒಳಗೆ ಬಂದಾಗ ಯಜಮಾನರು ಮೃದಂಗದ ತನಿ ಆವರ್ತನ ಹಾಕಿದ್ದರು, ಮೃದಂಗ ಒಂದೇ ನುಡಿಯುವ ಭಾಗ. ಮೇಡಂ ತಮ್ಮ ಕುರ್ಚಿಯಲ್ಲಿ ತಲೆ ಓರೆ ಮಾಡಿ ಕೂತಿದ್ದರು. ಮೃದಂಗದ ಎಡಮುಖವನ್ನು ಅಂಗೈಯ ಬುಡದಿಂದ ಒತ್ತಿ ಜಾರಿಸಿದಾಗ ಏಳುವ ತಗ್ಗು ನಾದಕ್ಕೆ ಗುಮ್ಕಿ ಅನ್ನುತ್ತಾರೆ. ಎಡಮುಖಕ್ಕೆ ರವೆ ಮೆತ್ತುವುದೇ ಆ ನಾದ ಇಳಿಯಲಿ ಎಂದು.

"ಬರೀ ಬಲಗೈ ಕೇಳ್ತಿದೆ, ಗುಮ್ಕಿನೇ ಇಲ್ವಲ್ಲ. ಮಕ್ಕಳು ನುಡಿಸುವಾಗ್ಲೂ ಹಿಂಗೇ ಆಗ್ತಿದೆ ಈಚೆಗೆ. ರವೆ ಕಮ್ಮಿಯಾಯ್ತೇನೋ ಅಂತ ಹಾಕಿಸಿದ್ದೇ ಹಾಕಿಸಿದ್ದು," ಎಂದರು ಮೇಡಂ.

"ನಿಂಗೆ ಕಿವಿ ತೋರಿಸ್ಬೇಕು ಕಣೆ. ಎಷ್ಟು ಸಲ ಹೇಳೋದು?" ಯಜಮಾನರು ನಗುತ್ತ ಗ್ರಾಫಿನ ಹಾಳೆಯನ್ನು ಅವರತ್ತ ಹಿಡಿದರು. "ನೋಡು, ಗೆರೆ ಹೆಂಗಿದೆ. ಮಿಷಿನ್ ಸುಳ್ಳು ಹೇಳುತ್ತಾ?"

ಮೇಡಂ ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನೀವು ಹೇಳಿ. ನಿಮಗೆ ಕೇಳ್ಸುತ್ತಾ ಗುಮ್ಕಿ?"

ನಾನು ಯಜಮಾನರ ಕುರ್ಚಿಗೆ ಆತು ನಿಂತಿದ್ದೆ. ಅಲ್ಲಿ ಗುಮ್ಕಿ ಎದೆಗೆ ಬಡಿಯುವಷ್ಟು ಸ್ಪಷ್ಟವಾಗಿತ್ತು.

"ಕೇಳ್ತದೆ ಮೇಡಂ," ಎಂದೆ.

ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಂತಲ್ಲಿ ಕೇಳಿದ್ದನ್ನು ಹೇಳಿದೆ, ಅಷ್ಟೆ. ಆದರೆ ಸುಳ್ಳು ಹೇಳಲು ಸುಳ್ಳು ಮಾತೇ ಬೇಕೆಂದಿಲ್ಲ. ಎರಡು ಮಾತು ಹೆಚ್ಚಿಗೆ ಹೇಳಿದ್ದರೆ ಸಾಕಿತ್ತು: ಇಲ್ಲಿ ಬಂದು ನಿಲ್ಲಿ ಮೇಡಂ, ಇಲ್ಲಿಂದ ಕೇಳಿ. ಅದನ್ನು ಹೇಳಿದರೆ ಯಜಮಾನರು ಏಕೆ ಎನ್ನುತ್ತಿದ್ದರು, ಏಕೆ ಎಂದರೆ ಸಹಿ ನಿಲ್ಲುತ್ತಿತ್ತು. ನನ್ನ ಬಾಯಿ ಕಟ್ಟಿಹಾಕಿದ್ದು ಮ್ಯಾನೇಜರಲ್ಲ, ನನ್ನದೇ ಆಸೆ.

ಸಹಿಯಾಯಿತು. ಫೆಬ್ರವರಿಯಲ್ಲಿ ನಾನು ಡಿಸೈನರ್ ಆದೆ. ಏಪ್ರಿಲ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹೆಂಡತಿ ಮಗಳು ಬಂದಿಳಿದರು. ಅಲ್ ಹಿಲಾಲಿನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಹಿಡಿದೆ. ಮಗಳು ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗುವ ಸಪ್ಪಳ ಕೇಳುವುದಕ್ಕೇ ನಾನು ಬೇಗ ಎಚ್ಚರವಾಗುತ್ತಿದ್ದೆ. ಅಷ್ಟು ಸುಖವಾಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮಗಳು ಊರಿನ ಭಜನಾ ಮಂಡಳಿಯಲ್ಲಿ ಎರಡು ವರ್ಷ ಮೃದಂಗ ಕಲಿತಿದ್ದಳು. ಇಲ್ಲಿ ಮುಂದುವರಿಸಬೇಕೆಂದು ಹಟ ಹಿಡಿದಳು. ಹೆಂಡತಿ ಯಾರ್ಯಾರನ್ನೋ ವಿಚಾರಿಸಿ, ಅಬು ಹಮೂರಿನಲ್ಲಿ ಒಬ್ಬರು ಇದ್ದಾರೆಂದು ತಿಳಿದು, ಫೋನ್ ಮಾಡಿದ್ದಾಳೆ. ನನಗೆ ಗೊತ್ತಾದದ್ದು ರಾತ್ರಿ ಊಟಕ್ಕೆ ಕೂತಾಗ. ಮನೆಯಲ್ಲಿ ನಮ್ಮದು ತುಳು. ಅವಳು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ.

"ಅವರು ಪಾಠ ಬಿಟ್ಟಿದ್ದಾರಂತೆ. ಮಾರ್ಚಿನಲ್ಲೇ. ಕಿವಿ ಹೋಗ್ತಾ ಉಂಟಂತೆ ಪಾಪ, ಎಡಗೈಯ ನಾದವೇ ಕೇಳುದಿಲ್ಲವಂತೆ. ಕೇಳದೆ ಕಲಿಸಿದ್ರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ ಆಗ್ತದಮ್ಮ, ಅಂತ ಹೇಳಿದ್ರು. ಎಷ್ಟು ಒಳ್ಳೆ ಹೆಂಗಸು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಯಾರೂ ಕಳ್ಳ ಅನ್ನದೆಯೇ ನಾನು ಮುಟ್ಟಿ ನೋಡಿಕೊಂಡೆ. ಆ ಕೋಣೆಯಲ್ಲಿ ಸಬ್ ಇರಲಿ ಬಿಡಲಿ, ಮುಂದಿನ ಗೋಡೆಯ ಬಳಿ ಯಾರೇ ಮೃದಂಗ ನುಡಿಸಲಿ, ಆ ತಗ್ಗು ನಾದ ಅವರ ಕುರ್ಚಿಯಲ್ಲಿ ಗುಂಡಿಗೆ ಬೀಳುತ್ತದೆ. ಅದನ್ನು ಕತಾರಿನಲ್ಲಿ ಅಳೆದು ನೋಡಿದವನು ನಾನೊಬ್ಬನೇ.

ಮರುದಿನ ಯಜಮಾನರಿಗೆ ಫೋನ್ ಮಾಡಿದೆ. ನಿಜ ಹೇಳುತ್ತೇನೆಂದು ನಂಬರು ಒತ್ತಿದವನು, ಅವರ ದನಿ ಕೇಳಿದ ಕೂಡಲೇ ಬೇರೆ ಮಾತಾಡಿದೆ. "ಸರ್, ಆರು ತಿಂಗಳಾಯ್ತಲ್ಲ, ಒಂದು ಸಲ ಚೆಕ್ ಮಾಡಿ ಕೊಡ್ತೇನೆ. ಚಾರ್ಜು ಎಂತ ಇಲ್ಲ." ಯಜಮಾನರು ನಕ್ಕರು. "ಬನ್ನಿ ಬನ್ನಿ. ಪುಸ್ತಕದ ಕನ್ನಡ ಕೇಳಿ ಬಹಳ ದಿನ ಆಗಿತ್ತು." ನಾವು ಮಂಗಳೂರಿನವರು ಪುಸ್ತಕದ ಹಾಗೆ ಮಾತಾಡುತ್ತೇವೆಂದು ಅವರದೊಂದು ತಮಾಷೆ.

ಶುಕ್ರವಾರ ಬೆಳಿಗ್ಗೆ ಹೋದೆ. ಮೊದಲು ಪಾಠದ ದಿನವಾಗಿದ್ದ ಆ ಬೆಳಿಗ್ಗೆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೂಲೆಯ ಗೋಪುರವನ್ನು ಇಳಿಸಿ, ಒಂದು ಸಬ್ಬನ್ನು ಮುಂದಿನ ಗೋಡೆಯ ನಡುವಿಗೂ ಇನ್ನೊಂದನ್ನು ಹಿಂದಿನ ಗೋಡೆಯ ನಡುವಿಗೂ ಸರಿಸಿದೆ. ಇಪ್ಪತ್ತೆಂಟರ ಗುಡ್ಡ ತಾನಾಗಿ ಕರಗಿತು, ಈಕ್ವಲೈಸರ್ ಮುಟ್ಟಬೇಕಾಗಲಿಲ್ಲ. ಆದರೆ ಮೇಡಂ ಕುರ್ಚಿಯ ಬಾವಿ ಹಾಗೇ ಉಳಿಯಿತು. ಸಾಲದ್ದಕ್ಕೆ ಯಜಮಾನರ ಕುರ್ಚಿಯ ಸಮಗೆರೆಯೂ ಕೆಟ್ಟಿತು.

"ಏನ್ರೀ ಇದು, ಸರಿಯಾಗಿದ್ದನ್ನ ಕೆಡಿಸಿಬಿಟ್ರಲ್ಲ," ಎಂದರು ಯಜಮಾನರು. ಈ ಸಲ ನಗಲಿಲ್ಲ.

ಕೊನೆಗೆ ಹಳೆಯ ಉಪಾಯಕ್ಕೆ ಇಳಿದೆ. ಸಬ್ಬನ್ನೇ ಕೇಳುಗರ ಕುರ್ಚಿಯಲ್ಲಿ ಕೂರಿಸಿ, ನಾವು ನೆಲದಲ್ಲಿ ಕಿವಿಯಿಟ್ಟು ತೆವಳುವುದು. ಎಲ್ಲಿ ನಾದ ತುಂಬಿ ಕೇಳುತ್ತದೋ ಅಲ್ಲಿ ಸಬ್ ಇಟ್ಟರೆ ಕುರ್ಚಿಯಲ್ಲಿ ಹಾಗೇ ಕೇಳುತ್ತದೆ. ನಲವತ್ತು ಕೆಜಿಯ ಪೆಟ್ಟಿಗೆಯನ್ನು ಮೇಡಂ ಕುರ್ಚಿಗೆ ಎತ್ತಿಟ್ಟು, ತಗ್ಗು ನಾದದ ಒಂದು ತುಣುಕನ್ನು ಮರಳಿ ಮರಳಿ ಬರುವಂತೆ ಹಾಕಿ, ಗೋಡೆಗುಂಟ ಮಂಡಿಯೂರಿ ತೆವಳತೊಡಗಿದೆ. ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಯಾಕ್ರೀ ಇಷ್ಟು ಕಷ್ಟಪಡ್ತೀರಿ? ನಮ್ಮ ಯಜಮಾನ್ರಿಗೆ ಕೇಳಿದ್ರೆ ಸಾಕು. ನಂದು ಹೆಂಗೂ ಆಯ್ತಲ್ಲ," ಎಂದರು. ದನಿಯಲ್ಲಿ ದೂರು ಇರಲಿಲ್ಲ. ನಾನು ತಲೆಯೆತ್ತದೆ ತೆವಳಿದೆ.

ಎರಡೂ ಪಕ್ಕದ ಗೋಡೆಗಳ ನಡುಭಾಗದಲ್ಲಿ ನಾದ ತುಂಬಿ ಬಂತು. ಆಗ ಲೆಕ್ಕ ಹೊಳೆಯಿತು. ಮುಂದಿನ ಮತ್ತು ಹಿಂದಿನ ಗೋಡೆಯ ಸಬ್‌ಗಳು ಐವತ್ತಾರರ ಅಲೆಯನ್ನು ಒಟ್ಟಿಗೇ ಎಬ್ಬಿಸುತ್ತವೆ. ಪಕ್ಕದ ಗೋಡೆಗಳ ನಡುವಿನಲ್ಲಿ ಅದೇ ಅಲೆ ತಿರುಗುಮುರುಗಾಗಿರುತ್ತದೆ. ಅಲ್ಲಿ ಇನ್ನೆರಡು ಸಬ್ ಇಟ್ಟರೆ ಅವು ಮುಂದಿನ ಹಿಂದಿನವು ಎಬ್ಬಿಸಿದ ಅಲೆಯನ್ನು ತಡೆಯುತ್ತವೆ. ಬಾನಿಯನ್ನು ನಾಲ್ಕು ಕಡೆಯಿಂದ ಹಿಡಿದರೆ ನೀರು ತುಳುಕುವುದಿಲ್ಲ. ಉಬ್ಬೂ ಇಲ್ಲ, ಗುಂಡಿಯೂ ಇಲ್ಲ.

ಮುಂದಿನ ಗುರುವಾರ ಶೋರೂಮಿನ ರಿಜಿಸ್ಟರಿನಲ್ಲಿ ಡೆಮೊ ಎಂದು ಬರೆದು, ಹತ್ತು ಇಂಚಿನ ಎರಡು ಚಿಕ್ಕ ಸಬ್ ಕಾರಿಗೆ ಹಾಕಿಕೊಂಡೆ. ಡಿಸೈನರ್ ಆದದ್ದರಿಂದ ಯಾರೂ ಕೇಳಲಿಲ್ಲ. ಮರುದಿನ, ಪಕ್ಕದ ಗೋಡೆಗಳೆರಡರಲ್ಲಿ ಪಶ್ಚಿಮದ್ದರ ನಡುವಿನಲ್ಲಿ ಒಂದು ಸಲೀಸಾಗಿ ಕೂತಿತು. ಪೂರ್ವದ ಗೋಡೆಯ ನಡುವಿನಲ್ಲಿ ದೇವರ ಮಂಟಪವಿತ್ತು. ಮಂಟಪದ ಬುಡದಲ್ಲಿಟ್ಟು ನೋಡಿದರೆ, ನಲವತ್ತು ಹರ್ಟ್ಸ್ ದಾಟುವಾಗ ಹಿತ್ತಾಳೆಯ ಕೈಗಂಟೆ ತಾನಾಗಿ ಕಿಣಿಕಿಣಿ ಅನ್ನತೊಡಗಿತು. ಯಜಮಾನರು ಬೇಡ ಬಿಡಿ ಅಂದರು. ಮೇಡಂ ಗಂಟೆ, ದೀಪ, ಫೋಟೋಗಳನ್ನು ಒಂದೊಂದಾಗಿ ಊಟದ ಮೇಜಿಗೆ ಸಾಗಿಸಿ, "ಕೆಲಸ ಮುಗಿಸ್ಕೊಳ್ಳಿ, ದೇವರು ಎಲ್ಲಿದ್ರೂ ದೇವರೇ," ಎಂದರು.

ದೊಡ್ಡವು ಚಿಕ್ಕವನ್ನು ನುಂಗುತ್ತಿದ್ದವು. ಒಂದೊಂದನ್ನೇ ಬಿಟ್ಟು ಅಳೆದು, ದೊಡ್ಡವುಗಳ ದನಿ ತಗ್ಗಿಸಿದೆ. ಚಿಕ್ಕವು ಮೂವತ್ತಕ್ಕಿಂತ ಕೆಳಗೆ ಏದುಸಿರು ಬಿಡುತ್ತಿದ್ದವು, ಅಲ್ಲಿ ಅವನ್ನು ತಡೆದೆ. ಹಿಂದಿನದು ಹತ್ತಿರವಿದ್ದದ್ದರಿಂದ ಅದರ ದನಿ ಬೇಗ ಮುಟ್ಟುತ್ತಿತ್ತು, ಅದಕ್ಕೆ ಕೆಲವು ಮಿಲಿಸೆಕೆಂಡ್ ತಡ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಯಜಮಾನರ ಕುರ್ಚಿಯಲ್ಲೂ ಮೇಡಂ ಕುರ್ಚಿಯಲ್ಲೂ ಗೆರೆ ಹೆಚ್ಚುಕಡಿಮೆ ಒಂದೇ ಆಯಿತು. ಈ ಕಸುಬಿನಲ್ಲಿ ಅಷ್ಟು ಒಳ್ಳೆಯ ಗೆರೆಯನ್ನು ನಾನು ಮುಂಚೆ ತೆಗೆದಿರಲಿಲ್ಲ.

ಯಜಮಾನರು ಅದೇ ತನಿ ಆವರ್ತನ ಹಾಕಿದರು. ಮೇಡಂ ಕೂತರು. ಆಮೇಲೆ ಅವರ ಎಡಗೈ ತಾನಾಗಿ ತೊಡೆಯ ಮೇಲೆ ಬಂದು, ಅಂಗೈಯ ಬುಡ ಒತ್ತಿ ಜಾರತೊಡಗಿತು. ಕಣ್ಣು ತುಂಬಿಕೊಂಡಿತ್ತು.

"ಕೇಳ್ಸುತ್ತೆ," ಎಂದರು. ಮತ್ತೆ, "ಹಂಗಾದ್ರೆ ಕಿವಿಯಲ್ಲ?"

"ಕಿವಿಯಲ್ಲ ಮೇಡಂ. ಕೋಣೆ."

"ಆಸ್ಪತ್ರೆಯಲ್ಲಿ ವಯಸ್ಸಿಗೆ ತಕ್ಕಂತೆ ಸ್ವಲ್ಪ ಕಮ್ಮಿ ಅಂತ ಬರ್ಕೊಟ್ರು."

"ಅವರು ಇಷ್ಟು ತಗ್ಗಿನ ಸ್ವರ ಪರೀಕ್ಷೆ ಮಾಡುದಿಲ್ಲ."

"ನಾನೇ ಮೃದಂಗ ತೊಡೆ ಮೇಲಿಟ್ಟು ನುಡಿಸಿದ್ರೆ ಗುಮ್ಕಿ ಗೊತ್ತಾಗೋದು. ಅದು ತೊಡೆಗೆ ತಿಳಿಯೋದು, ಕಿವಿಗಲ್ಲ ಅಂದ್ಕೊಂಡೆ." ಮತ್ತೆ ಕೇಳಿದರು, "ಮೊದಲು ಹೆಂಗಿತ್ತು, ತೋರಿಸಿ."

ಲ್ಯಾಪ್‌ಟಾಪ್ ಅವರತ್ತ ತಿರುಗಿಸಿದೆ. ಹೊಸ ಗೆರೆ ಹಸಿರು, ಹಳೆಯದು ಕೆಂಪು. ಕೆಂಪು ಗೆರೆ ಬಾವಿಗೆ ಇಳಿದು ಮೇಲೆ ಬಂದಿತ್ತು. ಮೇಡಂ ಕನ್ನಡಕ ಹಾಕಿಕೊಂಡು ಗೆರೆಯನ್ನಲ್ಲ, ಅದರ ಕೆಳಗಿನ ಬರಹವನ್ನು ಓದಿದರು. ಅಲ್ಲಿ ಕುರ್ಚಿ ಎರಡು ಎಂದೂ ಅಳೆದ ದಿನವೂ ಇತ್ತು.

"ಇದು ನವೆಂಬರ್‌ದಲ್ವಾ?"

ಹೌದೆಂದೆ. ಇನ್ನು ಉಳಿದದ್ದೇನು? ಎಲ್ಲ ಹೇಳಿದೆ. ಅವತ್ತೇ ಅಳೆದಿದ್ದೆ, ಕಂಡಿತ್ತು, ಸಹಿ ತಪ್ಪೀತೆಂದು ಮುಚ್ಚಿಟ್ಟೆ, ಆ ಸಹಿಯಿಂದ ಹೆಂಡತಿ ಮಗಳು ಬಂದರು, ಮಗಳ ಪಾಠಕ್ಕೆಂದು ನಿಮಗೆ ಫೋನ್ ಮಾಡಿದ್ದು ಆ ಹೆಂಡತಿಯೇ ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಆ ಕೋಣೆಯಲ್ಲಿ ಆ ಮಾತು ಬಹಳ ಚಿಕ್ಕದಾಗಿ ಕೇಳಿತು.

"ಹೋಗ್ಲಿ ಬಿಡ್ರಿ, ಈಗ ಸರಿಯಾಯ್ತಲ್ಲ," ಎಂದರು ಯಜಮಾನರು. ಅವರ ಗಮನವೆಲ್ಲ ಹಸಿರು ಗೆರೆಯ ಮೇಲಿತ್ತು. "ಅವತ್ತೇ ಹೇಳಿದ್ರೆ ಅವತ್ತೇ ನಾಲ್ಕು ತಗೋತಿದ್ದೆ. ಈ ಎರಡನ್ನ ಇಲ್ಲೇ ಬಿಟ್ಹೋಗಿ, ಬಿಲ್ ಕಳ್ಸಿ."

ಮೇಡಂ ಅವರ ಕಡೆ ನೋಡಲಿಲ್ಲ. "ಈ ಡಬ್ಬಗಳೆಲ್ಲ ಇಲ್ಲದೆ ಆಗ್ತಿರಲಿಲ್ವಾ? ಮಕ್ಕಳ ಪಾಠಕ್ಕೆ?"

"ಆಗ್ತಿತ್ತು. ನಿಮ್ಮ ಕುರ್ಚಿ ಸ್ವಲ್ಪ ಮುಂದೆ ಇಟ್ಟಿದ್ರೆ ಸಾಕಿತ್ತು."

"ಎಷ್ಟು ಮುಂದೆ?"

"ಎರಡೂವರೆ ಅಡಿ. ಸಾಹೇಬ್ರ ಕುರ್ಚಿಯ ಸಾಲಿಗೆ."

ಅವರು ತಮ್ಮ ಕುರ್ಚಿಯ ಕಾಲಿನಿಂದ ಗಂಡನ ಕುರ್ಚಿಯವರೆಗಿನ ಕಾರ್ಪೆಟ್ಟನ್ನು ನೋಡಿದರು. ಅವರು ಎರಡು ಬೈಗುಳ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ಎಂಟು ಮಕ್ಕಳ ಮನೆಗೆ ನಾನೇ ಫೋನ್ ಮಾಡಿ ಹೇಳಿದೆ, ನಂಗೆ ಕಿವಿ ಹೋಗ್ತಿದೆ ಅಂತ," ಎಂದು ಎದ್ದು, ದೇವರ ಫೋಟೋಗಳನ್ನು ಇನ್ನೊಂದು ಕೋಣೆಗೆ ಒಯ್ಯತೊಡಗಿದರು.

ಭಾನುವಾರ ಮ್ಯಾನೇಜರ್ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ಮುಗಿದ ಸೈಟಿಗೆ ರಜೆಯಲ್ಲಿ ಹೋಗಿ ಮತ್ತೆ ಎರಡು ಸಬ್ ಸೇಲ್ ಮಾಡಿ ಬಂದ. ಕಲಿಯಿರಿ ಇವನತ್ರ." ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಬೇರೆಯವರು ಉಂಡರು, ನನಗೆ ಪಾಯಸ ಬಡಿಸಿದರು.

ಅದೇ ವಾರ ಹೆಂಡತಿಯ ಫೋನಿಗೆ ಮೇಡಂ ಕರೆ ಬಂತು. ಮಗಳನ್ನು ಕಳಿಸಿ, ಪಾಠ ಹೇಳುತ್ತೇನೆ, ನೀವೇ ಕರೆದುಕೊಂಡು ಬನ್ನಿ, ನಿಮ್ಮವರು ಒಳಗೆ ಬರುವುದು ಬೇಡ ಎಂದರಂತೆ. ಹೆಂಡತಿಗೆ ಆ ಕೊನೆಯ ಮಾತು ಅರ್ಥವಾಗಿರಲಿಲ್ಲ. ಅವತ್ತು ಅವಳಿಗೂ ಎಲ್ಲ ಹೇಳಿದೆ. "ಇದಕ್ಕಿಂತ ನಾವು ಊರಲ್ಲೇ ಇರ್ತಿದ್ದೆವು," ಎಂದಷ್ಟೇ ಹೇಳಿದಳು.

ಮೇಡಂ ಹಳೆಯ ಮಕ್ಕಳ ಮನೆಗಳಿಗೂ ಮತ್ತೆ ಫೋನ್ ಮಾಡಿದ್ದರು. ಯಾರೂ ಬರಲಿಲ್ಲ. ಕಿವಿ ಹೋಗಿದೆಯೆಂದು ತಾವೇ ಹೇಳಿಕೊಂಡ ಗುರುವಿನ ಬಳಿಗೆ ಯಾರು ಕಳಿಸುತ್ತಾರೆ? ಕುರ್ಚಿ ತಪ್ಪಾದ ಜಾಗದಲ್ಲಿತ್ತು ಎಂದರೆ ಯಾರು ನಂಬುತ್ತಾರೆ? ಮದೀನತ್ ಖಲೀಫಾದಲ್ಲಿ ಬೇರೆಯವರೊಬ್ಬರು ಪಾಠ ಶುರುಮಾಡಿದ್ದರು, ಮಕ್ಕಳೆಲ್ಲ ಅಲ್ಲಿಗೆ ಹೋಗಿದ್ದರು. ಈಗ ಆ ಹಾಲಿನಲ್ಲಿ ಚಾಪೆಯ ಮೇಲೆ ಕೂರುವುದು ನನ್ನ ಮಗಳು ಒಬ್ಬಳೇ.

ಪ್ರತಿ ಶುಕ್ರವಾರ ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಕಾಂಪೌಂಡಿನ ಗೇಟಿನ ಹೊರಗೆ ನಿಲ್ಲಿಸುತ್ತೇನೆ. ತಾಯಿ ಮಗಳು ಮೃದಂಗ ಹಿಡಿದುಕೊಂಡು ಒಳಗೆ ನಡೆಯುತ್ತಾರೆ, ನಾನು ಎಸಿ ಹಾಕಿಕೊಂಡು ಒಂದು ಗಂಟೆ ಕೂರುತ್ತೇನೆ. ಆ ವಿಲ್ಲಾದ ಮುಂದೆ ಮೂರು ಕಾರು ನಿಲ್ಲುವಷ್ಟು ನೆರಳಿನ ಜಾಗ ಯಾವಾಗಲೂ ಖಾಲಿ ಇರುತ್ತದೆ.

ಹೋದ ವಾರ ಮಗಳು ಕಾರಿನಿಂದ ಇಳಿಯುವಾಗ ಕೇಳಿದಳು, "ಅಪ್ಪ, ನೀವು ಯಾಕೆ ಒಳಗೆ ಬರುದಿಲ್ಲ?"

ಹೆಂಡತಿ ನನ್ನ ಮುಖ ನೋಡಿದಳು.

"ಒಳಗೆ ಪಾರ್ಕಿಂಗ್ ಇಲ್ಲ ಮಗಾ," ಎಂದೆ.